ಒಂದು ವರ್ಷ ಸುಳ್ಳು ಹೇಳಿದ ಪೆಟ್ರೋಲ್ ಫಿಲ್ಟರ್

ನೂರಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ ಇಷ್ಟುದ್ದ ಬರೆಯುವವನು ನಿವೃತ್ತ ಮಾಸ್ತರನೇ ಆಗಿರಬೇಕು ಎಂದು ನಮ್ಮ ಮನೆಯವರು ಆಗಲೇ ಹೇಳಿದ್ದಾರೆ. ಇರಲಿ. ನಾಲ್ಕು ವರ್ಷ ಬಳಸಿದ್ದೇನೆ, ಎರಡು ಬಾರಿ ನಡುರಸ್ತೆಯಲ್ಲಿ ನಿಂತಿದ್ದೇನೆ. ಬರೆಯುವ ಹಕ್ಕು ನನಗಿದೆ.

ನನ್ನದು 1988ರ ಪ್ರೀಮಿಯರ್ ಪದ್ಮಿನಿ. ಆಲಮಟ್ಟಿಯ ಹಿನ್ನೀರು ಬಂದು ಹಳೆಯ ಬಾಗಲಕೋಟೆ ಬಿಟ್ಟಾಗ ನವನಗರಕ್ಕೆ ಪಾತ್ರೆ ಪಗಡೆ ಸಾಗಿಸಿದ್ದು ಇದೇ ಕಾರು. ಪೆಟ್ರೋಲ್ ಟಾಕಿ ಕಾರಿನ ಹಿಂಬದಿಗೆ, ಅದರಿಂದ ಪೆಟ್ರೋಲ್ ಎಳೆಯುವ ಪಂಪ್ ಮುಂದೆ ಎಂಜಿನ್ನಿಗೆ ಅಂಟಿಕೊಂಡಿದೆ, ಅಲ್ಲಿಂದ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್. ಹಳೆಯ ಕಾರು ಇಟ್ಟುಕೊಂಡವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಟಾಕಿಯ ಕೊಳೆ ಕಾರ್ಬೊರೇಟರಿಗೆ ಹೋಗದಂತೆ ತಡೆಯಲು ಮೊದಲು ಕೊಂಡದ್ದು ಗಾಜಿನ ಫಿಲ್ಟರ್. ಎರಡೂ ತುದಿಗೆ ಹೊಳೆಯುವ ಲೋಹದ ಮುಚ್ಚಳ, ಬಿಚ್ಚಿ ತೊಳೆದು ಮತ್ತೆ ಹಾಕಬಹುದು, ಬೆಲೆ ನಾನೂರೈವತ್ತು. ಅದನ್ನು ಪಂಪ್ ಮತ್ತು ಕಾರ್ಬೊರೇಟರ್ ನಡುವೆ ಹಾಕಿಸಿದೆ. ನೋಡಲು ಬಹಳ ಚೆಂದ. ಮೂರು ತಿಂಗಳಿಗೆ ಅದರ ರಬ್ಬರ್ ಉಂಗುರ ಉಬ್ಬಿ, ಮುಚ್ಚಳದ ಅಂಚಿನಲ್ಲಿ ಪೆಟ್ರೋಲ್ ಜಿನುಗತೊಡಗಿತು. ಪಂಪಿನ ಆಚೆ ಬದಿಯಲ್ಲಿ ಒತ್ತಡವಿರುತ್ತದೆ, ಸೋರಿದರೆ ಚಿಮ್ಮುತ್ತದೆ; ಕೆಳಗೆ ಕಾದ ಎಕ್ಸಾಸ್ಟ್ ಪೈಪ್. ಅಂದೇ ಕಿತ್ತು ಹಾಕಿದೆ. ಗಾಜಿನ ಫಿಲ್ಟರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ಅದರ ನಂತರ ಬಂದದ್ದು ಈ ಪಾರದರ್ಶಕ ಪ್ಲಾಸ್ಟಿಕ್ಕಿನದು. ಒಳಗೆ ಮಡಚಿದ ಕಾಗದ. ಈ ಬಾರಿ ಪಂಪಿನ ಈಚೆಗೆ, ಅಂದರೆ ಟಾಕಿ ಮತ್ತು ಪಂಪಿನ ನಡುವೆ, ಎಕ್ಸಾಸ್ಟ್‌ನಿಂದ ದೂರ, ಬಾನೆಟ್ ಎತ್ತಿದರೆ ಕಣ್ಣಿಗೆ ಬೀಳುವ ಕಡೆ. ಮೆಕ್ಯಾನಿಕ್ ಕೂರಿಸಿಕೊಟ್ಟ, ನಾನು ಹಣ ಕೊಟ್ಟು ಬಂದೆ.

ಅಂದಿನಿಂದ ನನಗೊಂದು ಹೊಸ ಚಟ ಹತ್ತಿತು. ಬೆಳಿಗ್ಗೆ ಹಾಲು ತಂದಿಟ್ಟು, ಚಹಾ ಕುದಿಯುವಷ್ಟರಲ್ಲಿ ಬಾನೆಟ್ ಎತ್ತಿ ಮೊಬೈಲ್ ಬೆಳಕು ಬಿಡುವುದು. ಪಂಪಿನ ಕೈಹಿಡಿಯನ್ನು ನಾಲ್ಕು ಬಾರಿ ಒತ್ತಿದರೆ ಜೇನಿನ ಬಣ್ಣದ ಪೆಟ್ರೋಲ್ ಡಬ್ಬಿಯೊಳಗೆ ಮೆಲ್ಲಗೆ ಏರುತ್ತದೆ, ಸಣ್ಣ ಗುಳ್ಳೆಗಳು ಕಾಗದದ ಮಡಿಕೆಗಳ ನಡುವೆ ಸಿಕ್ಕಿಕೊಂಡು ಬಿಡಿಸಿಕೊಳ್ಳುತ್ತವೆ. ಆಮೇಲೆ ಚೋಕ್ ಎಳೆದು ಕೀಲಿ ತಿರುಗಿಸಿದರೆ ಎಂಜಿನ್ ಎರಡನೆಯ ಕೆಮ್ಮಿಗೆ ಎಚ್ಚರವಾಗುತ್ತದೆ. ಡಬ್ಬಿ ಎಂದೂ ಪೂರ್ತಿ ತುಂಬುವುದಿಲ್ಲ. ಅರ್ಧ ಖಾಲಿ ಕಂಡು ಮೊದಲ ವಾರ ನಿದ್ದೆಗೆಟ್ಟಿದ್ದೆ. ಪಂಪ್ ಎಳೆದಷ್ಟು ಹರಿಯುತ್ತಿದ್ದರೆ ಸಾಕು, ಮೇಲೆ ನಿಂತ ಗಾಳಿಯಿಂದ ತೊಂದರೆಯಿಲ್ಲ ಎಂದು ತಿಳಿದ ಮೇಲೆ ಅದೂ ಚೆಂದವೇ ಅನ್ನಿಸಿತು.

ಒಂದು ವರ್ಷವಾದರೂ ಕಾಗದ ಬೆಳ್ಳಗೇ ಇತ್ತು. ಬಂದವರಿಗೆಲ್ಲ ತೋರಿಸಿದೆ. ಮೂವತ್ತು ವರ್ಷ ದಾಟಿದ ಟಾಕಿ ಎಷ್ಟು ಸ್ವಚ್ಛ ನೋಡಿ ಎಂದು ಬೀಗಿದೆ.

ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಮದುವೆಗೆ ಹೊರಟಾಗ ಕೊರ್ತಿ–ಕೊಲ್ಹಾರ ಸೇತುವೆಯ ಮೇಲೆ ಕಾರು ತೂಕಡಿಸಿ ನಿಂತಿತು. ಕೆಳಗೆ ಕೃಷ್ಣೆ, ಮೇಲೆ ಬೆಂಕಿಯಂಥ ಬಿಸಿಲು, ಹಿಂದೆ ಕಬ್ಬಿನ ಟ್ರ್ಯಾಕ್ಟರಿನವನ ಹಾರ್ನ್. ಸೆಕೆಗೆ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಹರಿವು ನಿಂತಿದೆ ಎಂದುಕೊಂಡು ಪಂಪಿನ ಮೇಲೆ ಒದ್ದೆ ಟವೆಲ್ ಹಾಕಿದೆ. ಹತ್ತು ನಿಮಿಷಕ್ಕೆ ಹೊರಟಿತು. ಮುಳವಾಡ ದಾಟುತ್ತಲೇ ಮತ್ತೆ ನಿಂತಿತು. ನಿಧಾನಕ್ಕೆ ಹೋದರೆ ಓಡುತ್ತದೆ, ವೇಗ ಹೆಚ್ಚಿಸಿದರೆ ಸಾಯುತ್ತದೆ. ಸೆಕೆಯೊಂದರಿಂದಲೇ ಹೀಗಾಗುವುದಿಲ್ಲ ಎಂದು ಆಗಲೇ ಹೊಳೆಯಬೇಕಿತ್ತು.

ವಿಜಯಪುರದ ರಸ್ತೆ ಬದಿಯ ಮೇಸ್ತ್ರಿ ಬಾನೆಟ್ ಒಳಗೆ ಒಮ್ಮೆ ಇಣುಕಿ, "ಮಾಸ್ತರೇ, ಬಾಣ ನೋಡಿದ್ದೀರೇನು?" ಎಂದು ಕೇಳಿದ.

ಪೆಟ್ರೋಲ್ ಹರಿಯಬೇಕಾದ ದಿಕ್ಕು ತೋರಿಸಲು ಫಿಲ್ಟರಿನ ಮೈಮೇಲೆ ಒಂದು ಬಾಣವಿರುತ್ತದೆ. ಎಂಜಿನ್ ಕಡೆ ಇರಬೇಕಾದ ಆ ಬಾಣ ಟಾಕಿಯ ಕಡೆ ಮುಖ ಮಾಡಿತ್ತು.

ಅವನು ಫಿಲ್ಟರನ್ನು ಬಿಚ್ಚಿ ಹ್ಯಾಕ್ಸಾ ಬ್ಲೇಡಿನಿಂದ ಸೀಳಿ ತೋರಿಸಿದ. ಕಾಗದದ ಹೊರಮೈ ಹಾಲಿನಂತೆ ಬಿಳಿ. ಒಳಮೈಯಲ್ಲಿ ಕಂದು ತುಕ್ಕಿನ ಗಸಿ ಗಟ್ಟಿಯಾಗಿ ಕೂತಿತ್ತು. ಸರಿಯಾಗಿ ಹಾಕಿದರೆ ಪೆಟ್ರೋಲ್ ಕಾಗದದ ಹೊರಗಿನಿಂದ ಒಳಕ್ಕೆ ಹೋಗುತ್ತದೆ, ಕೊಳೆ ಹೊರಗೆ ನಮ್ಮ ಕಣ್ಣೆದುರು ನಿಲ್ಲುತ್ತದೆ. ತಿರುಗಿಸಿ ಹಾಕಿದರೆ ಕೊಳೆಯೆಲ್ಲ ಕಾಗದದ ಹೊಟ್ಟೆಯೊಳಗೆ ಅಡಗುತ್ತದೆ, ಜಾಗ ಕಡಿಮೆ ಇರುವುದರಿಂದ ಬೇಗ ಕಟ್ಟಿಕೊಳ್ಳುತ್ತದೆ. ಪಂಪ್ ಜೋರಾಗಿ ಹೀರಿದಷ್ಟೂ ಪೈಪಿನೊಳಗಿನ ಒತ್ತಡ ಇಳಿದು ಪೆಟ್ರೋಲ್ ಬೇಗ ಕುದಿಯುತ್ತದೆ. ಹಾಗಾಗಿ ನನ್ನ ಒದ್ದೆ ಟವೆಲ್ ಪೂರ್ತಿ ದಡ್ಡತನವೂ ಆಗಿರಲಿಲ್ಲ, ಮದ್ದೂ ಆಗಿರಲಿಲ್ಲ.

ಮೆಕ್ಯಾನಿಕ್ ಮೇಲೆ ಎರಡು ದಿನ ಸಿಟ್ಟಿತ್ತು. ಆಮೇಲೆ ಇಳಿಯಿತು. ದಿನವೂ ಬೆಳಕು ಬಿಟ್ಟು ನೋಡಿದವನು ನಾನು. ಬಾಣ ಅಷ್ಟು ದಪ್ಪಗೆ ಉಬ್ಬಿಕೊಂಡಿತ್ತು.

ಊರಿಗೆ ಮರಳಿ ಟಾಕಿ ಇಳಿಸಿ ತೊಳೆಸಿದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್. ನಮ್ಮ ಮುಧೋಳ, ಜಮಖಂಡಿ ಕಡೆಯ ಕಬ್ಬಿನದೂ ಅದರಲ್ಲಿ ಇರುತ್ತದೆ. ಅಭಿಮಾನ ಪಡೋಣ ಎಂದರೆ, ಹಳೆಯ ಟಾಕಿಯ ತಳದ ಅಂಟನ್ನು ಎಬ್ಬಿಸಿ ಕಳಿಸುವುದೂ ಹಳೆಯ ರಬ್ಬರ್ ಪೈಪನ್ನು ಮೆತ್ತಗಾಗಿಸುವುದೂ ಅದೇ. ಪೈಪುಗಳನ್ನೂ ಕ್ಲಿಪ್ಪುಗಳನ್ನೂ ಬದಲಿಸಿದೆ. ಪಂಪಿನ ಈಚಿನ ಪೈಪ್ ಬಿರುಕು ಬಿಟ್ಟರೆ ಎಂಜಿನ್ ಓಡುವಾಗ ಒಂದು ಹನಿಯೂ ಚೆಲ್ಲದೆ ಗಾಳಿ ಎಳೆದುಕೊಳ್ಳಬಹುದು, ಹುಡುಕುವುದು ಕಷ್ಟ. ಟಾಕಿಯ ಬಳಿ ಇನ್ನೊಂದು ಫಿಲ್ಟರನ್ನೂ ಹಾಕಿ ನೋಡಿದೆ. ಎರಡರಿಂದ ಎಳೆಯುವುದು ನನ್ನ ಮುದಿ ಪಂಪಿಗೆ ಭಾರವಾಗಿ ಏರಿನಲ್ಲಿ ಏದುಸಿರು ಬಿಟ್ಟಿತು. ತೆಗೆಸಿದೆ. ಒಂದೇ ಸಾಕು, ಅದೂ ನೆಟ್ಟಗೆ ನಿಂತು ಕೆಳಗಿನಿಂದ ಮೇಲಕ್ಕೆ ಹರಿಯುವಂತೆ.

ಈಗಿನದು ಆರು ತಿಂಗಳಿಗೇ ಚಹಾ ಬಣ್ಣಕ್ಕೆ ತಿರುಗಿದೆ. ಅದನ್ನು ನೋಡಿ ಖುಷಿಪಡುವ ಸ್ಥಿತಿಗೆ ನಾನು ಬಂದಿದ್ದೇನೆ. ಪಿಂಚಣಿಯಲ್ಲಿ ವರ್ಷಕ್ಕೆ ಎರಡು ಡಬ್ಬಿ ಹೊರೆಯೇನಲ್ಲ. ಯುಗಾದಿಗೊಂದು, ದಸರೆಯ ಖಂಡೆ ಪೂಜೆಗೊಂದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದನ್ನು ಕಳೆದದ್ದು ಕ್ಲಿಪ್ ಬಿಗಿ ಮಾಡಿದರೆ ಮೂತಿ ಬಿರುಕು ಬಿಡುವುದಕ್ಕೆ. ಹಬ್ಬಕ್ಕೆಂದು ತಂದ ಹೊಸ ಡಬ್ಬಿ ದೇವರ ಕೋಣೆಯ ಮಾಡಿನಲ್ಲಿದೆ. ಅದರ ಬಾಣಕ್ಕೆ ಮೊಮ್ಮಗಳು ಕೆಂಪು ಸ್ಕೆಚ್ ಪೆನ್ನು ಬಳಿದು, ತುದಿಯಲ್ಲಿ "ಅಜ್ಜ, ಎಂಜಿನ್ ಈ ಕಡೆ" ಎಂದು ಚೀಟಿ ಅಂಟಿಸಿದ್ದಾಳೆ.