ಘಟ್ಟದ ಮೇಲಿನ ಥಂಡಿ, ಘಟ್ಟದ ಕೆಳಗಿನ ಸೆಖೆ: ಒಂದು ರೇನ್‌ಕೋಟಿನ ನಾಲ್ಕು ತಿಂಗಳು

ಶಿರಸಿ ತಾಲೂಕಿನ ಬಂಡಲದ ಬಳಿಯ ನಮ್ಮ ಮನೆಯಿಂದ ದೇವಿಮನೆ ಘಟ್ಟವನ್ನು ಇಳಿದು, ಕತಗಾಲ, ದಿವಗಿಗಳನ್ನು ದಾಟಿ ನಾನು ಕುಮಟಾಕ್ಕೆ ಬೈಕಿನಲ್ಲಿ ಕೆಲಸಕ್ಕೆ ಹೋಗಿಬರುತ್ತೇನೆ. ಸುಮಾರು ಒಂದು ತಾಸಿನ ಈ ದಾರಿಯಲ್ಲಿ ಎರಡು ಹವೆಗಳನ್ನು ಹಾದು ಹೋಗಬೇಕು. ಘಟ್ಟದ ಮೇಲೆ ಮಂಜು, ಗಾಳಿ, ಬೆರಳು ಮರಗಟ್ಟಿಸುವ ಥಂಡಿ. ಕತಗಾಲಕ್ಕೆ ಬರುವಷ್ಟರಲ್ಲಿ ಅದೇ ಮಳೆ ಬೆಚ್ಚಗಾಗಿ, ಒಂದು ಕ್ಷಣ ಹೊಳವಾದರೂ ಮೈಯಿಂದ ಬೆವರು ಇಳಿಯತೊಡಗುತ್ತದೆ. ಮೇ ತಿಂಗಳ ಕೊನೆಯಲ್ಲಿ ಶಿರಸಿ ಪೇಟೆಯ ಒಂದು ಅಂಗಡಿಯಲ್ಲಿ 1,650 ರೂಪಾಯಿ ಕೊಟ್ಟು ಕೊಂಡ, ಜಾಕೆಟ್ ಮತ್ತು ಪ್ಯಾಂಟುಗಳ ರೇನ್‌ಕೋಟ್ ಜೋಡಿಯನ್ನು ಮೃಗಶಿರಾ ಮಳೆಯಿಂದ ಉತ್ತರಾ ಮಳೆಯವರೆಗೆ ಹೆಚ್ಚುಕಡಿಮೆ ಪ್ರತಿದಿನ ತೊಟ್ಟ ಮೇಲೆ ಈ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ.

ಇದು ಪಾಲಿಯೆಸ್ಟರ್ ಬಟ್ಟೆಯ ಒಳಮೈಗೆ ಪಾಲಿಯುರೆಥೇನ್ ಲೇಪ ಕೊಟ್ಟು, ಹೊಲಿಗೆಗಳ ಮೇಲೆ ಟೇಪ್ ಅಂಟಿಸಿದ, ಒಳಗೆ ಜಾಲರಿಯ ಅಸ್ತರು ಇರುವ ಕೋಟು. ‘ಮಾಸ್ತರ್ರೇ, ಇದರೊಳಗೆ ಒಂದು ಹನಿ ನೀರು ಹೋಗುವುದಿಲ್ಲ, ಗಾಳಿ ಮಾತ್ರ ಆಡುತ್ತದೆ’ ಎಂದು ಅಂಗಡಿಯವರು ಹೇಳಿದ್ದರು. ಮೊದಲನೆಯ ಮಾತು ಬಹುಮಟ್ಟಿಗೆ ನಿಜವಾಯಿತು. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಘಟ್ಟದ ತಿರುವುಗಳಲ್ಲಿ ಎದುರಿನಿಂದ ರಾಚುವ ಜಡಿಮಳೆಗೂ ಜಾಕೆಟ್ಟಿನ ಎದೆ, ಭುಜ, ಬೆನ್ನುಗಳಲ್ಲಿ ನೀರು ಇಳಿಯಲಿಲ್ಲ. ಜಿಪ್ಪಿನ ಮೇಲೆ ಮಡಚಿ ಅಂಟಿಸುವ ಪಟ್ಟಿ ಅಗಲವಾಗಿದ್ದುದರಿಂದ ಅಲ್ಲಿಯೂ ತೊಂದರೆಯಾಗಲಿಲ್ಲ. ಆದರೆ ಪ್ಯಾಂಟಿನ ಕೂರುವ ಭಾಗದಲ್ಲಿ, ನಾಲ್ಕು ಹೊಲಿಗೆಗಳು ಕೂಡುವ ಜಾಗದಲ್ಲಿ, ಜುಲೈ ಎರಡನೆಯ ವಾರದಿಂದಲೇ ನೀರು ಒಸರತೊಡಗಿತು. ಬೈಕಿನ ಸೀಟಿನ ಮೇಲೆ ನಿಂತ ನೀರನ್ನು ಮೈಭಾರವೇ ಸೂಜಿಯ ತೂತುಗಳೊಳಗೆ ಒತ್ತುತ್ತದೆ. ಟೇಪು ಅಲ್ಲಿ ಸ್ವಲ್ಪ ಎದ್ದರೂ ಸಾಕು. ಕೊಳ್ಳುವವರು ಅಂಗಡಿಯಲ್ಲೇ ಪ್ಯಾಂಟನ್ನು ಒಳಮೈ ಹೊರಗಾಗಿಸಿ ಈ ಒಂದು ಜಾಗವನ್ನು ಬೆರಳಿನಿಂದ ಉಜ್ಜಿ ನೋಡಬೇಕು.

ಎರಡನೆಯ ಮಾತು, ಅಂದರೆ ಗಾಳಿಯಾಡುತ್ತದೆ ಎಂಬುದು, ನಮ್ಮ ಕರಾವಳಿಯಲ್ಲಿ ನಡೆಯಲಿಲ್ಲ. ಇಂಥ ಬಟ್ಟೆ ಒಳಗಿನ ಬೆವರಿನ ಆವಿಯನ್ನು ಹೊರಗೆ ಬಿಡಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಬಯಲುಸೀಮೆಯಲ್ಲಿ ಒಂದು ಮಳೆ ಬಂದು ಹೋದ ಮೇಲೆ ಗಾಳಿ ಒಣಗುತ್ತದೆ, ಅಲ್ಲಿ ಅದು ಸಾಧ್ಯ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುವ ಕಾರವಾರ, ಅಂಕೋಲಾ, ಕುಮಟಾಗಳಲ್ಲಿ ಜುಲೈ ತಿಂಗಳ ಗಾಳಿಯೇ ನೀರು ಕುಡಿದು ನಿಂತಿರುತ್ತದೆ. ಆವಿ ಹೋಗುವುದಾದರೂ ಎಲ್ಲಿಗೆ? ಘಟ್ಟದ ಮೇಲೆ ತಣ್ಣಗಾದ ಕೋಟಿನ ಒಳಮೈಗೆ ಮೈಯ ಬಿಸಿ ತಾಗಿ ಕಟ್ಟಿದ ಹನಿ, ದಿವಗಿಯ ಹೊತ್ತಿಗೆ ಬೆವರಿನೊಂದಿಗೆ ಕೂಡಿ ಅಂಗಿಯನ್ನು ತೋಯಿಸಿಬಿಡುತ್ತದೆ. ಮೊದಲ ವಾರ ಕೋಟು ಸೋರುತ್ತಿದೆ ಎಂದೇ ತಿಳಿದು ಹೊಲಿಗೆಗಳನ್ನೆಲ್ಲ ಹುಡುಕಿದೆ. ಮಳೆಯಿಲ್ಲದ ಒಂದು ದಿನ ಗಾಳಿ ತಡೆಯಲೆಂದು ತೊಟ್ಟು ಇಳಿದಾಗಲೂ ಬೆನ್ನು ಒದ್ದೆಯಾಗಿದ್ದುದನ್ನು ಕಂಡ ಮೇಲೆಯೇ ಕಾರಣ ಗೊತ್ತಾದದ್ದು. ಕಂಕುಳಿನಲ್ಲಿ ಜಿಪ್ಪಿನ ಕಿಂಡಿಯಿದ್ದಿದ್ದರೆ, ಬೆನ್ನಿನ ಮಡಿಕೆಯ ಕೆಳಗೆ ಎರಡು ಬೆರಳಗಲದ ತೆರಪಿದ್ದಿದ್ದರೆ ಈ ಕಷ್ಟದಲ್ಲಿ ಅರ್ಧವಾದರೂ ಕಡಿಮೆಯಾಗುತ್ತಿತ್ತು. ಈ ಕೋಟಿನಲ್ಲಿ ಎರಡೂ ಇಲ್ಲ.

ನಮ್ಮ ಜಿಲ್ಲೆಯ ಹಳೆಯ ಉಡುಗೆಗಳನ್ನು ನೆನೆದಾಗ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗ ಹೆಂಗಸರು ರವಿಕೆಯಿಲ್ಲದೆ, ತೋಳು ಮತ್ತು ಬೆನ್ನಿಗೆ ಗಾಳಿ ತಾಗುವಂತೆ ಸೀರೆಯನ್ನು ಕಟ್ಟಿ, ಕೊರಳ ತುಂಬ ಮಣಿಸರ ತೊಡುತ್ತಾರೆ. 2021ರಲ್ಲಿ ತುಳಸಿ ಗೌಡರು ದೆಹಲಿಯಲ್ಲಿ ಪದ್ಮಶ್ರೀ ಸ್ವೀಕರಿಸಿದ್ದು ಇದೇ ಉಡುಗೆಯಲ್ಲಿ, ಬರಿಗಾಲಿನಲ್ಲಿ. ಸೆಖೆಯ ನಾಡಿಗೆ ಅದಕ್ಕಿಂತ ಒಪ್ಪುವ ಉಡುಗೆಯನ್ನು ನಾನು ಕಂಡಿಲ್ಲ. ಘಟ್ಟದ ಮೇಲಿನ ತೋಟಗಳಲ್ಲಾದರೋ ಮಳೆಗೆ ಕಂಬಳಿ ಕೊಪ್ಪೆಯೇ ಆಧಾರವಾಗಿತ್ತು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ನೀರಿನ ಆವಿಯನ್ನು ಹೀರಿಯೂ ಮೈಗೆ ಒದ್ದೆಯೆನಿಸುವುದಿಲ್ಲ, ನೆನೆದ ಮೇಲೂ ಬೆಚ್ಚಗಿಡುತ್ತದೆ. ಕೊಪ್ಪೆಯ ಕೆಳಗೆ ನಾಲ್ಕೂ ಕಡೆ ಗಾಳಿ ಆಡುತ್ತದೆ. ಬೈಕಿನ ಮೇಲೆ ಕಂಬಳಿ ಹೊದೆಯಲಾಗದು ಎಂಬುದು ಸರಿ. ಆದರೆ ನೀರನ್ನು ತಡೆಯುವುದರಷ್ಟೇ ಮೈಗೆ ಗಾಳಿ ಬಿಡುವುದೂ ಮುಖ್ಯ ಎಂದು ಈ ಎರಡನ್ನೂ ಬಳಸಿದ ಜನ ಬಲ್ಲವರಾಗಿದ್ದರು. ನಮಗೆ ಕೋಟು ಮಾರುವವರು ಮೊದಲನೆಯದನ್ನು ಮಾತ್ರ ಅಳೆಯುತ್ತಾರೆ.

ಒಣಗಿಸುವುದು ಮತ್ತೊಂದು ದೊಡ್ಡ ವಿಷಯ. ಹೊರಮೈ ಕೊಡವಿದರೆ ಹತ್ತು ನಿಮಿಷದಲ್ಲಿ ನೀರು ಬಿಡುತ್ತದೆ. ಒಳಗಿನ ಜಾಲರಿ ಮಾತ್ರ ರಾತ್ರಿಯಿಡೀ ತೂಗುಹಾಕಿದರೂ ತಣ್ಣಗೇ ಇರುತ್ತದೆ, ಮೂರನೆಯ ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ಪುಷ್ಯ ಮಳೆಯ ಒಂದು ಸಂಜೆ ನಮ್ಮ ಆಯಿ, ಮನೆಯ ಉಳಿದ ಬಟ್ಟೆಗಳಂತೆಯೇ ಇದನ್ನೂ ಬಚ್ಚಲ ಒಲೆಯ ಮೇಲಿನ ಕೋಲಿಗೆ ಹಾಕಿದರು. ಜಾಲರಿ ಚೆನ್ನಾಗಿ ಒಣಗಿತು, ಆದರೆ ಎಡಗೈ ತೋಳಿನ ಟೇಪು ಬಿಸಿಗೆ ಬಿಟ್ಟುಕೊಂಡಿತು. ಅದು ಆಯಿಯ ತಪ್ಪಲ್ಲ. ಮಳೆಗಾಲದಲ್ಲಿ ಹೊಗೆಯ ಮೇಲೆ ಬಟ್ಟೆ ಒಣಗಿಸುವ ಊರಿಗೆ ಮಾರುವ ಕೋಟಿನಲ್ಲಿ ಬೆಂಕಿಯ ಬಳಿ ಇಡಬಾರದೆಂದು ಕನ್ನಡದಲ್ಲಿ ಒಂದು ಸಾಲು ಬರೆದಿರಬೇಕಿತ್ತು. ಅದಾದ ಮೇಲೆ ಒಳಮೈ ಹೊರಗಾಗಿಸಿ ಫ್ಯಾನಿನ ಕೆಳಗೆ ಹಾಕುತ್ತಿದ್ದೇನೆ; ಕರೆಂಟು ಇದ್ದ ರಾತ್ರಿಗಳಲ್ಲಿ ಅಷ್ಟು ಸಾಕಾಗುತ್ತದೆ.

ಕೋಟಿನ ಒಳಗೆ ಏನು ತೊಡಬೇಕು ಎಂಬುದನ್ನೂ ಹೇಳಬೇಕು. ಚೈತ್ರ, ವೈಶಾಖಗಳ ಸೆಖೆಗೆ ಹತ್ತಿ ಅಂಗಿಗೆ ಸಮನಾದದ್ದು ಇಲ್ಲ, ಆದರೆ ಮಳೆಗಾಲದಲ್ಲಿ ಅದೇ ಹತ್ತಿ ಬೆವರನ್ನು ಹಿಡಿದುಕೊಂಡು ಸಂಜೆಯವರೆಗೂ ಬಿಡುವುದಿಲ್ಲ. ತೆಳುವಾದ ಟೆರಿಕಾಟ್ ಅಂಗಿ ಕುಮಟಾ ತಲುಪಿ ಅರ್ಧ ತಾಸಿನಲ್ಲಿ ಮೈಮೇಲೆಯೇ ಆರಿತು.

ಒಟ್ಟಿನಲ್ಲಿ ಘಟ್ಟದ ಮೇಲೆಯೇ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಡುವೆ ಓಡಾಡುವವರು ಈ ಬೆಲೆಗೆ ಇಂಥ ಕೋಟನ್ನು ಧೈರ್ಯವಾಗಿ ಕೊಳ್ಳಬಹುದು. ಹೊನ್ನಾವರದಿಂದ ಕಾರವಾರದವರೆಗಿನ ಕರಾವಳಿಯವರು ಜಾಲರಿಯಿಲ್ಲದ, ಕಂಕುಳಲ್ಲಿ ಕಿಂಡಿಯಿರುವ, ಒಂದು ಅಳತೆ ದೊಡ್ಡದಾದ ಕೋಟನ್ನೇ ಹುಡುಕುವುದು ಒಳ್ಳೆಯದು. ಇಲ್ಲಿನ ತೇವಕ್ಕೆ ಮಡಚಿಟ್ಟ ಕೋಟಿನ ಲೇಪ ಅಂಟಂಟಾಗಿ ಸಿಪ್ಪೆಯಂತೆ ಏಳುತ್ತದೆ. ಆದ್ದರಿಂದ ನಾನು ನನ್ನದನ್ನು ನೆರಳಿನಲ್ಲಿ ಒಣಗಿಸಿ, ಪೆಟ್ಟಿಗೆಗೆ ಹಾಕದೆ, ಜಗುಲಿಯ ಗೂಟಕ್ಕೆ ತೂಗುಹಾಕಿದ್ದೇನೆ. ಬರುವ ರೋಹಿಣಿ ಮಳೆಗೆ ಮೊದಲು ಪ್ಯಾಂಟಿಗೂ ಎಡಗೈ ತೋಳಿಗೂ ಹೊಸ ಟೇಪು ಹಾಕಿಸಿ, ಕಂಕುಳಲ್ಲಿ ಎರಡು ಕಿಂಡಿ ತೆಗೆದು ಜಿಪ್ ಹೊಲಿದುಕೊಡಲು ನಮ್ಮೂರಿನ ದರ್ಜಿಯವರು ಒಪ್ಪಿದ್ದಾರೆ.