ಮಲ್ಪೆಯ ಸೇಂಟ್ ಮೇರೀಸ್ ದ್ವೀಪ: ಮರಳಿಗಲ್ಲ, ಕಲ್ಲಿಗಾಗಿ ಹೋಗಿ

ಅಂಡಮಾನ್, ಮಾಲ್ಡೀವ್ಸ್ ಫೋಟೋ ನೋಡಿ ಹೊಟ್ಟೆ ಉರಿಸಿಕೊಳ್ಳುವ ಮಂಗಳೂರಿನವರೇ, ದ್ವೀಪ ಇಲ್ಲೇ ಇದೆ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಿದರೆ ಉಡುಪಿ ಹತ್ತಿರ ಹತ್ತಿರ 60 ಕಿ.ಮೀ., ಅಲ್ಲಿಂದ ಸಿಟಿ ಬಸ್ಸಿನಲ್ಲಿ ಮಲ್ಪೆ, ಆಮೇಲೆ ಬೋಟ್. ಅಷ್ಟೇ. ಆದರೆ ಹೋಗಿ ಬಂದವರಲ್ಲಿ ಕೆಲವರು "ಎಂತ ಉಂಟು ಅಲ್ಲಿ, ಬರೀ ಕಲ್ಲು" ಅಂತ ಮೂಗು ಮುರಿಯುತ್ತಾರೆ. ಬರೀ ಕಲ್ಲು ಅನ್ನುವುದು ನಿಜವೇ. ಆ ಕಲ್ಲು ನೋಡಲಿಕ್ಕೇ ಹೋಗಬೇಕು ಮಾರಾಯ್ರೇ!

ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ ಅದು. ಆಗ ಮಡಗಾಸ್ಕರ್ ನಮ್ಮ ದೇಶಕ್ಕೆ ಅಂಟಿಕೊಂಡಿತ್ತು, ಎರಡೂ ಬೇರೆಯಾಗುವ ಗಲಾಟೆಯಲ್ಲಿ ನೆಲದೊಳಗಿಂದ ಉಕ್ಕಿದ್ದು ಇದು ಅನ್ನುತ್ತಾರೆ ಭೂವಿಜ್ಞಾನಿಗಳು. ಬಿಸಿ ಲಾವಾ ತಣಿಯುವಾಗ ಕುಗ್ಗಿತು, ಕುಗ್ಗುವಾಗ ಬಿರುಕು ಬಿಟ್ಟಿತು, ಬಿರುಕು ಮೇಲಿನಿಂದ ಕೆಳಗೆ ಇಳಿಯುತ್ತಾ ಹೋಗಿ ಇಡೀ ಬಂಡೆ ಕಂಬ ಕಂಬವಾಗಿ ನಿಂತಿತು. ಯಾರೋ ಆಚಾರಿ ಕೂತು ಕೆತ್ತಿದಂತೆ ಕಾಣುತ್ತದೆ, ಆದರೆ ಹತ್ತಿರ ಹೋಗಿ ಮೂಲೆ ಎಣಿಸಿ ನೋಡಿ. ಒಂದಕ್ಕೆ ಆರು, ಪಕ್ಕದ್ದಕ್ಕೆ ಐದು, ಇನ್ನೊಂದಕ್ಕೆ ಏಳು. ಒಂದು ಕಂಬಕ್ಕೂ ಇನ್ನೊಂದಕ್ಕೂ ನಡುವೆ ಬೆರಳು ಹೋಗುವಷ್ಟು ಸಂದು, ಅದರೊಳಗೆ ಪುಟ್ಟ ಏಡಿಗಳು. ನೀರಿನ ಅಂಚಿನ ಕಂಬಗಳು ಸವೆದು ಗಿಡ್ಡವಾಗಿವೆ, ಅವುಗಳ ತಲೆ ಮೇಲೆ ಕಾಲಿಟ್ಟುಕೊಂಡು ನಡೆಯಬಹುದು, ಪಾಚಿ ಇದ್ದಲ್ಲಿ ಮಾತ್ರ ಬೇಡ, ಜಾರುತ್ತದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಇದನ್ನು ಸುಮ್ನೆ ಘೋಷಿಸಿಲ್ಲ. ಇಷ್ಟಿದ್ದೂ ಬಹಳ ಜನ ಇಳಿದ ಕೂಡಲೇ ಸೆಲ್ಫಿ ತೆಗೆದು, ಒಂದು ತೆಂಗಿನ ಮರದ ಬುಡ ಹಿಡಿದು ಕೂತುಬಿಡುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಅನ್ನುವ ಕಥೆಯನ್ನು ಬೋಟಿನಲ್ಲಿ ಪಕ್ಕದವರೇ ಹೇಳುತ್ತಾರೆ, ನಾನು ಹೇಳಬೇಕಾಗಿಲ್ಲ.

ಸಮುದ್ರ ಸ್ನಾನದ ಆಸೆ ಇದ್ದರೆ ಮಲ್ಪೆ ಬೀಚೇ ಸಾಕು. ದ್ವೀಪದ ದಡದಲ್ಲಿ ಮರಳಿಗಿಂತ ಚಿಪ್ಪು ಜಾಸ್ತಿ, ಬರಿಗಾಲಿಗೆ ಚುಚ್ಚುತ್ತದೆ. ಗಟ್ಟಿ ಚಪ್ಪಲಿ ಹಾಕಿಕೊಳ್ಳಿ. ನೀರಿಗೆ ಇಳಿಯಬಹುದಾದ ಜಾಗ ಎಲ್ಲಿ ಅಂತ ಅಲ್ಲಿ ಕಾವಲಿಗೆ ನಿಂತವರನ್ನು ಕೇಳಿ, ಅವರು ಸೀಟಿ ಊದಿದರೆ ಜಗಳಕ್ಕೆ ಹೋಗಬೇಡಿ. ಬಂಡೆ ಹತ್ತಿರ ಅಲೆ ಎಳೆಯುವ ರೀತಿಯೇ ಬೇರೆ.

ಈಗ ಬೈಗುಳ. ಬೋಟಿನ ವ್ಯವಸ್ಥೆಗೆ ನಾನು ಐದರಲ್ಲಿ ಎರಡೂವರೆಗಿಂತ ಜಾಸ್ತಿ ಕೊಡುವುದಿಲ್ಲ. ಟಿಕೆಟ್ ತಲೆಗೆ ಐನೂರರ ಒಳಗೇ ಆಯಿತು, ಅದರ ಬಗ್ಗೆ ದೂರು ಇಲ್ಲ, ಲೈಫ್ ಜಾಕೆಟ್ ಕೂಡ ಕೊಟ್ಟರು. ಆದರೆ ಜನ ತುಂಬುವ ತನಕ ಬೋಟ್ ಹೊರಡುವುದಿಲ್ಲ, ಆ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತಿರಬೇಕು, ಎಷ್ಟು ಹೊತ್ತಿಗೆ ಅಂತ ಕೇಳಿದರೆ "ಈಗ ಹೊರಟಿತು" ಅನ್ನುವ ಒಂದೇ ಉತ್ತರ. ಬೋಟಿನಲ್ಲಿ ಹಾಡಿನ ಶಬ್ದ ಬೇರೆ, ಅಲ್ಲಿ ಅಲೆಯ ಸದ್ದು ಕೇಳಲಿಕ್ಕೆ ತಾನೇ ಬಂದದ್ದು? ಭಾನುವಾರ ಮತ್ತು ಹಬ್ಬದ ರಜೆಯಲ್ಲಿ ಹೋಗಲೇಬೇಡಿ. ವಾರದ ನಡುವೆ, ಬೆಳಗ್ಗಿನ ಮೊದಲ ಬೋಟಿಗೆ ಹೋದರೆ ದ್ವೀಪ ಹೆಚ್ಚು ಕಡಿಮೆ ನಿಮ್ಮದೇ. ನೆರಳು ಕಡಿಮೆ, ಟೋಪಿ ಬೇಕು. ಮಳೆಗಾಲದಲ್ಲಿ ಕಡಲು ಬಿಡುವುದಿಲ್ಲ, ಬೋಟ್ ಬಂದ್. ಡಿಸೆಂಬರ್, ಜನವರಿ ಒಳ್ಳೆಯದು.

ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ, ಅದು ಒಳ್ಳೆಯದೇ, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ರೆಸಾರ್ಟ್ ಎದ್ದಿರುತ್ತಿತ್ತು. ನಮ್ಮ ಜೇಬಿಗೂ ಅದರಿಂದ ಲಾಭ, ಯಾಕೆಂದರೆ ಉಳಿಯುವುದು ದಡದಲ್ಲಿ. ಮಲ್ಪೆ ಬೀಚಿಗೆ ತಾಗಿಕೊಂಡ ಒಂದು ಲಾಡ್ಜಿನಲ್ಲಿ ಸೀ ವ್ಯೂ ಅಂತ ದುಡ್ಡು ಜಾಸ್ತಿ ತೆಗೆದುಕೊಂಡರು, ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿದರೆ ಮಾತ್ರ ಸಮುದ್ರ ಕಾಣುತ್ತಿತ್ತು. ಹಾಗಾಗಿ ಸೇತುವೆ ದಾಟಿ ಪಡುಕೆರೆ ಕಡೆ ಅಥವಾ ಉತ್ತರಕ್ಕೆ ಕೋಡಿಬೆಂಗ್ರೆ ಕಡೆ ಹೋಮ್‌ಸ್ಟೇ ನೋಡಿ. ಕೋಡಿಬೆಂಗ್ರೆಯಲ್ಲಿ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ಮಧ್ಯೆ ಸಪೂರ ರಸ್ತೆ. ಮನೆಯವರೇ ಅಡುಗೆ ಮಾಡಿ ಬಡಿಸುವ ಕಡೆ ಸಿಕ್ಕಿದರೆ ಬಿಡಬೇಡಿ.

ಊಟಕ್ಕೆ ಬೋರ್ಡು ನೋಡಿ ನುಗ್ಗಬೇಡಿ. ರಿಕ್ಷಾದವರನ್ನು "ಮೀನೂಟ ಎಲ್ಲಿ ಲಾಯ್ಕ್ ಉಂಟು ಅಣ್ಣಾ" ಅಂತ ಕೇಳಿ, ಅವರು ತಾವು ಉಣ್ಣುವ ಕಡೆಗೇ ಬಿಡುತ್ತಾರೆ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಬಂಗುಡೆ ಫ್ರೈ. ಅಂಜಲ್ ಮೀನು ತಿನ್ನುವುದಾದರೆ ಮೊದಲು ರೇಟ್ ಕೇಳಿಕೊಳ್ಳಿ, ಬಜೆಟ್ ಕೆಡುವುದು ಅಲ್ಲೇ. ಮೀನು ತಿನ್ನದವರಿಗೆ ಉಡುಪಿಯಲ್ಲಿ ಹೇಳಿಕೊಡಬೇಕಾ? ರಥಬೀದಿ ಹತ್ತಿರ ಮಿತ್ರ ಸಮಾಜ ಹೋಟೆಲಿನ ಗೋಳಿಬಜೆ, ಬನ್ಸ್ ಇದೆ, ಸಂಜೆಗೆ ಗಡ್‌ಬಡ್ ಐಸ್‌ಕ್ರೀಮ್ ಇದೆ.

ವಾಪಸ್ ಬರುವಾಗ ಹೊತ್ತು ಉಳಿದಿದ್ದರೆ ಕಾಪುವಿನಲ್ಲಿ ಇಳಿಯಿರಿ, 1901ರ ಲೈಟ್‌ಹೌಸ್ ಇದೆ. ಸಂಜೆ ಸ್ವಲ್ಪ ಹೊತ್ತು ಮಾತ್ರ ಹತ್ತಲು ಬಿಡುತ್ತಾರೆ, ಆದ್ದರಿಂದ ಉಡುಪಿಯಲ್ಲಿ ಗಡ್‌ಬಡ್‌ಗೆ ಕೂತು ತಡ ಮಾಡಬೇಡಿ.