ಡಾಜ್ ಕಿಂಗ್ಸ್‌ವೇ: ಮೊದಲ ಹಳೇ ಅಮೆರಿಕನ್ ಕಾರಿಗೆ ಇದೇ ಸರಿ

ಹಳೇ ಅಮೆರಿಕನ್ ಕಾರು ಅಂದಕೂಡಲೇ ಎಲ್ಲರ ಕಣ್ಣಿಗೆ ಕಟ್ಟುವುದು ಇಂಪಾಲ. ಹಿಂದೆ ಅಗಲವಾದ ರೆಕ್ಕೆ, ಮೈತುಂಬ ಕ್ರೋಮ್, ವಿ8 ಸದ್ದು. 1959ರ ಇಂಪಾಲ ಸುಮಾರು 5.36 ಮೀಟರ್ ಉದ್ದ. ಜಯನಗರದ ಹಳೇ ಮನೆಯ ಪೋರ್ಟಿಕೋದಲ್ಲಿ ನಿಲ್ಲಿಸಿದರೆ ಎಷ್ಟೋ ಕಡೆ ಗೇಟು ಹಾಕಲಿಕ್ಕೆ ಆಗುವುದಿಲ್ಲ. ಮೋಹ ಹುಟ್ಟುವುದಕ್ಕೆ ಆ ಕಾರು ಸಾಕು, ಮನೆಯಲ್ಲಿಟ್ಟು ಸಾಕುವುದಕ್ಕೆ ಬೇರೆ ಕಾರು ಬೇಕು. ಬೆಂಗಳೂರಿನಲ್ಲಿದ್ದುಕೊಂಡು, ತಿಂಗಳಿಗೆ ಒಂದೆರಡು ಭಾನುವಾರ ಕೈ ಮಸಿ ಮಾಡಿಕೊಳ್ಳಲು ತಯಾರಿರುವವರಿಗೆ 1950ರ ದಶಕದ ಮೊದಲರ್ಧದ ಡಾಜ್ ಕಿಂಗ್ಸ್‌ವೇ ಅದಕ್ಕಿಂತ ಎಷ್ಟೋ ಒಳ್ಳೆಯ ಆಯ್ಕೆ.

ಡಾಜ್, ಪ್ಲಿಮತ್ ಎರಡೂ ಅಮೆರಿಕದ ಕ್ರೈಸ್ಲರ್ ಕಂಪನಿಯ ಬ್ರ್ಯಾಂಡುಗಳು. ಕಿಂಗ್ಸ್‌ವೇ ಅಂದರೆ ಪ್ಲಿಮತ್ ಬಾಡಿ, ಪ್ಲಿಮತ್ ಇಂಜಿನ್, ಮೇಲೆ ಡಾಜ್ ಗ್ರಿಲ್ಲು ಮತ್ತು ಬ್ಯಾಡ್ಜು. ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಇದನ್ನು ಬೊಂಬಾಯಿಯ ಕುರ್ಲಾದಲ್ಲಿ ಜೋಡಿಸುತ್ತಿತ್ತು. ಆದ್ದರಿಂದ ಸ್ಟೀರಿಂಗ್ ಬಲಕ್ಕಿರುತ್ತದೆ, ಕಾಗದಪತ್ರ ಇಲ್ಲಿಯದೇ ಇರುತ್ತದೆ. ಪ್ಲಿಮತ್ ಸರ್ವಿಸ್ ಮ್ಯಾನ್ಯುಯಲ್ ಹಿಡಿದುಕೊಂಡರೆ ಬಹುಪಾಲು ಕೆಲಸ ಸಾಗುತ್ತದೆ.

ಇಂಜಿನ್ ನೋಡಿ ಈ ಕಾರು ಕೊಳ್ಳಬೇಕು. 217.8 ಘನ ಇಂಚು, ಅಂದರೆ ಸುಮಾರು 3.6 ಲೀಟರಿನ ಆರು ಸಿಲಿಂಡರ್, ಸೈಡ್ ವಾಲ್ವ್ (ವಾಲ್ವುಗಳು ಹೆಡ್ಡಿನಲ್ಲಲ್ಲ, ಬ್ಲಾಕಿನಲ್ಲೇ ಸಿಲಿಂಡರಿನ ಪಕ್ಕಕ್ಕೆ). ಬೋರ್, ಅಂದರೆ ಸಿಲಿಂಡರಿನ ಅಗಲ, 3.25 ಇಂಚು; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 4.375 ಇಂಚು. 1952ರವರೆಗಿನ ಕಾರಿಗೆ ಕಂಪನಿ ಹೇಳಿದ ಶಕ್ತಿ 97 ಎಚ್‌ಪಿ, ಈಗಿನ ಸಣ್ಣ ಕಾರಿಗಿಂತ ದೊಡ್ಡದೇನಲ್ಲ. ಆದರೆ ಸ್ಟ್ರೋಕ್ ಉದ್ದವಾದ್ದರಿಂದ ಎಳೆತವೆಲ್ಲ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ. ಟಾಪ್ ಗೇರಿನಲ್ಲಿ 20 ಕಿಲೋಮೀಟರ್ ವೇಗಕ್ಕೆ ಇಳಿಸಿ ಮತ್ತೆ ಆಕ್ಸಿಲರೇಟರ್ ಒತ್ತಿದರೂ ಗೊರಗೊರ ಅನ್ನದೆ ಎಳೆಯುತ್ತದೆ. ಗೇರು ಮೂರೇ, ಅದೂ ಸ್ಟೀರಿಂಗ್ ಕಾಲಮ್ಮಿನಲ್ಲಿ. ಮೊದಲ ಗೇರಿಗೆ ಸಿಂಕ್ರೋ (ಗೇರುಗಳ ವೇಗ ಹೊಂದಿಸುವ ಭಾಗ) ಇಲ್ಲ, ಕಾರು ಪೂರ್ತಿ ನಿಂತ ಮೇಲೇ ಹಾಕಬೇಕು.

ಅದೇ ಕಾಲದ ಷೆವರ್ಲೆ ಕೂಡ ಅಲ್ಲಲ್ಲಿ ಮಾರಾಟಕ್ಕೆ ಬರುತ್ತದೆ, ನೋಡಲು ಇದಕ್ಕಿಂತ ಚೆಂದ. ಆದರೆ ಅದರ 216 ಘನ ಇಂಚಿನ ಇಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿಗೆ ವೈಟ್ ಮೆಟಲ್ ಎರಕ ಹೊಯ್ದ ಬೇರಿಂಗು, ಆಯಿಲ್ ಹೋಗುವುದು ಚಿಮ್ಮಿಸುವ ಪದ್ಧತಿಯಲ್ಲಿ. ಬೇರಿಂಗ್ ಸವೆದರೆ ಎರಕ ಹೊಯ್ದು, ಬೋರ್ ಮಾಡಿ, ಕೈಯಲ್ಲಿ ಒರೆದು ಕೂರಿಸುವ ಮೇಸ್ತ್ರಿ ಬೇಕು. ಅಂಥವರು ಈಗ ಅಪರೂಪ. ಕ್ರೈಸ್ಲರ್ ಇಂಜಿನ್ನಿನಲ್ಲಿ ಮೊದಲಿನಿಂದಲೂ ಪ್ರೆಷರ್ ಆಯಿಲಿಂಗ್, ಬಿಚ್ಚಿ ಹಾಕುವ ಶೆಲ್ ಬೇರಿಂಗು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಶೆಲ್ ಹಾಕಿದರೆ ಆಯಿತು. ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಲೋಹದ ಸೀಟು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ, ಸೀಸವಿಲ್ಲದ ಪೆಟ್ರೋಲಿನಿಂದ ಸೀಟು ಸವೆಯುವ ಚಿಂತೆಯೂ ಇಲ್ಲ.

ಇಂಥ ಕಾರಿನ ಹುಚ್ಚು ಹತ್ತುವುದು ಹೀಗೇ. ಬಾನೆಟ್ ಎತ್ತಿದರೆ ಪ್ರತಿಯೊಂದೂ ಕಣ್ಣಿಗೆ ಕಾಣುತ್ತದೆ, ಪ್ರತಿಯೊಂದಕ್ಕೂ ಸ್ಪ್ಯಾನರ್ ಹೋಗುತ್ತದೆ. ಪಕ್ಕದ ಮುಚ್ಚಳ ತೆಗೆದರೆ ವಾಲ್ವನ್ನು ಎತ್ತುವ ಟ್ಯಾಪೆಟ್ಟು, ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದರೆ ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟು. ಪಾಯಿಂಟ್ ಗ್ಯಾಪ್ 0.020 ಇಂಚು, ಫೈರಿಂಗ್ ಆರ್ಡರ್ (ಸಿಲಿಂಡರುಗಳಲ್ಲಿ ಕಿಡಿ ಹೊಡೆಯುವ ಸರದಿ) 1-5-3-6-2-4. ಇಷ್ಟು ನೆನಪಿದ್ದರೆ ರಸ್ತೆ ಬದಿಯಲ್ಲೇ ಅರ್ಧ ರಿಪೇರಿ ಮುಗಿಯುತ್ತದೆ. ಕ್ರೋಮ್ ನೋಡಿ ಕೊಂಡವರು ಬೇಗ ಮಾರುತ್ತಾರೆ. ಒಮ್ಮೆ ಟ್ಯಾಪೆಟ್ ಹೊಂದಿಸಿ, ಆ ಇಂಜಿನ್ ಹೊಲಿಗೆ ಯಂತ್ರದ ಹಾಗೆ ಓಡುವುದನ್ನು ಕೇಳಿದವರು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಇನ್ನು ತೊಂದರೆಗಳು. ಬಿಸಿಯಾಗುವುದೇ ಮೊದಲನೆಯದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಈ ಕಾಲದ ರೇಡಿಯೇಟರಿನಲ್ಲಿ ಒತ್ತಡ ಇಲ್ಲವೇ ಇಲ್ಲ, ಇಲ್ಲವೆಂದರೆ ತೀರಾ ಕಡಿಮೆ. ಹಾಗಾಗಿ ಕುದಿ ಹಿಡಿಯಲು ಹೆಚ್ಚು ಹೊತ್ತು ಬೇಡ. ಸಿಲ್ಕ್ ಬೋರ್ಡಿನಲ್ಲಿ ಇಪ್ಪತ್ತು ನಿಮಿಷ ನಿಂತರೆ ಮುಳ್ಳು ಮೇಲಕ್ಕೆ. ಎಲ್ಲರೂ ರೇಡಿಯೇಟರ್ ಬಿಚ್ಚಿಸಿ ರಾಡಿಂಗ್ (ಕೊಳವೆಗಳಿಗೆ ಸರಳು ಹಾಕಿ ಶುಚಿ) ಮಾಡಿಸುತ್ತಾರೆ, ಎಲೆಕ್ಟ್ರಿಕ್ ಫ್ಯಾನ್ ಹಾಕಿಸುತ್ತಾರೆ, ನೀರಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ಕಿತ್ತೆಸೆಯುತ್ತಾರೆ. ಎಷ್ಟೋ ಕಾರುಗಳಲ್ಲಿ ನಿಜವಾದ ಕಳ್ಳ ಇವರ ಕಣ್ಣಿಗೆ ಬೀಳುವುದೇ ಇಲ್ಲ. ಅದು ಇರುವುದು ಬ್ಲಾಕಿನ ಒಳಗೆ.

ವಾಟರ್ ಪಂಪಿನ ಹಿಂದೆ, ಬ್ಲಾಕಿನ ಉದ್ದಕ್ಕೂ ಒಂದು ತಗಡಿನ ಕೊಳವೆ ಇರುತ್ತದೆ: ವಾಟರ್ ಡಿಸ್ಟ್ರಿಬ್ಯೂಷನ್ ಟ್ಯೂಬ್. ತಣ್ಣೀರನ್ನು ಒಂದೊಂದು ಎಕ್ಸಾಸ್ಟ್ ವಾಲ್ವ್ ಸೀಟಿನ ಹತ್ತಿರಕ್ಕೂ ಒಯ್ಯುವುದು ಅದರ ಕೆಲಸ. ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದು ಅದು ತುಕ್ಕು ಹಿಡಿದು ಕರಗಿರುತ್ತದೆ. ಆಗ ಮುಂದಿನ ಸಿಲಿಂಡರುಗಳಿಗೆ ನೀರು ಸಿಗುತ್ತದೆ, ಐದು ಮತ್ತು ಆರನೆಯದಕ್ಕೆ ಸಿಗುವುದಿಲ್ಲ. ಗೇಜಿನಲ್ಲಿ ಬಿಸಿ ಸರಿಯಾಗೇ ತೋರಿಸುತ್ತಿದ್ದರೂ ಹಿಂದಿನ ವಾಲ್ವು ಸುಡುತ್ತದೆ, ಅದೇ ಜಾಗದಲ್ಲಿ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್ ಹೋಗುತ್ತದೆ. ಪರೀಕ್ಷೆ ಸುಲಭ: ಇಂಜಿನ್ ಬಿಸಿಯಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಹೆಡ್ಡಿನ ಮುಂಭಾಗ ಮತ್ತು ಹಿಂಭಾಗ ನೋಡಿ. 15 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಈ ಕೊಳವೆಯ ಮೇಲೇ ಅನುಮಾನ ಇಟ್ಟುಕೊಳ್ಳಿ.

ತೆಗೆಯಲು ಮೊದಲು ರೇಡಿಯೇಟರ್ ಇಳಿಸಿ, ಯಾಕೆಂದರೆ ಕೊಳವೆ ಬ್ಲಾಕಿನಷ್ಟೇ ಉದ್ದ, ಮುಂದೆ ಜಾಗ ಬೇಕು. ವಾಟರ್ ಪಂಪ್ ಬಿಚ್ಚಿದರೆ ಕೊಳವೆಯ ಬಾಯಿ ಕಾಣುತ್ತದೆ. ತುದಿ ಬಗ್ಗಿಸಿದ ಕಬ್ಬಿಣದ ಸರಳನ್ನು ಒಳಗಿನ ಕಿಂಡಿಗೆ ಸಿಕ್ಕಿಸಿ, ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು, ಒಂದು ದಿನ ಬಿಟ್ಟು ಎಳೆಯಿರಿ. ಇಡಿಯಾಗಿ ಬಂದರೆ ಅದೃಷ್ಟ, ಹೆಚ್ಚಾಗಿ ಚೂರುಚೂರಾಗಿ ಬರುತ್ತದೆ. ಬ್ಲಾಕಿನ ಪಕ್ಕದ ಕೋರ್ ಪ್ಲಗ್ಗುಗಳನ್ನೂ (ನೀರಿನ ದಾರಿಯ ತೂತು ಮುಚ್ಚಿರುವ ಬಿಲ್ಲೆಗಳು) ತೆಗೆದು, ಗಟ್ಟಿ ತಂತಿಯಿಂದ ಕೆರೆದರೆ ಹಿಂದಿನ ಮೂಲೆಯಿಂದ ಕೆಂಪು ಕೆಸರು ಬೊಗಸೆಗಟ್ಟಲೆ ಬರುತ್ತದೆ. ಹೊಸದು ಹಿತ್ತಾಳೆಯದೋ ಸ್ಟೇನ್‌ಲೆಸ್ಸಿನದೋ ಹಾಕಿ, ಕಿಂಡಿಗಳು ವಾಲ್ವ್ ಸೀಟಿನ ಕಡೆಗೆ ಮುಖ ಮಾಡಿರಲಿ. ಆಮೇಲೆ ಡಿಸ್ಟಿಲ್ಡ್ ನೀರು, ಕೂಲೆಂಟು ಸಮಸಮ. ನಲ್ಲಿ ನೀರು ಬೇಡ. ಥರ್ಮೋಸ್ಟಾಟ್ ವಾಪಸ್ ಹಾಕಿ.

ಪೆಟ್ರೋಲಿನ ವಿಷಯ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ್ದು. ಅದರ ಎಥನಾಲ್ ಹಳೇ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಮೊದಲು ಹೋಗುವುದು ಫ್ಯುಯಲ್ ಪಂಪಿನ ಡಯಾಫ್ರಾಮ್. ಹರಿದರೆ ಪೆಟ್ರೋಲ್ ಆಯಿಲ್ ಸಂಪಿಗೇ ಇಳಿಯಬಹುದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಮೂಸಿದರೆ ಪೆಟ್ರೋಲ್ ವಾಸನೆ ಬಂದರೆ, ಸ್ಟಾರ್ಟ್ ಮಾಡಲೇಬೇಡಿ. ಎಥನಾಲ್ ತಡೆಯುವ ಡಯಾಫ್ರಾಮ್ ಕಿಟ್ ತರಿಸಿ, ಹೋಸುಗಳನ್ನು ಎಸ್‌ಎಇ 30ಆರ್9 ಗುರುತಿನವಕ್ಕೆ ಬದಲಿಸಿ, ಟ್ಯಾಂಕು ಮತ್ತು ಪಂಪಿನ ನಡುವೆ ಒಂದು ಫಿಲ್ಟರ್ ಕೂರಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರ್ ಬೌಲ್ ಖಾಲಿ ಮಾಡಿಯೇ ನಿಲ್ಲಿಸಬೇಕು.

ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ ಬದಲಿಸಬೇಕೇ ಅನ್ನುವ ಚರ್ಚೆ ಗ್ಯಾರೇಜುಗಳಲ್ಲಿ ಮುಗಿಯುವುದೇ ಇಲ್ಲ. ಇ20 ಗಾಳಿ-ಪೆಟ್ರೋಲ್ ಮಿಕ್ಸ್ಚರನ್ನು ತೆಳುವಾಗಿಸುತ್ತದೆ, ಬೆಂಗಳೂರಿನ ತೆಳು ಗಾಳಿ ಅದನ್ನು ಗಟ್ಟಿಯಾಗಿಸುತ್ತದೆ. ಎರಡೂ ಪೂರ್ತಿ ಸರಿಹೋಗದಿದ್ದರೂ ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತವೆ. ಪ್ಲಗ್ಗಿನ ಬಣ್ಣ ನೋಡದೆ ಜೆಟ್ಟಿಗೆ ಡ್ರಿಲ್ ಹಾಕುವವರ ಕೈಗೆ ಕಾರ್ಬುರೇಟರ್ ಕೊಡಬೇಡಿ. ಮೈಲೇಜ್ ಊರೊಳಗೆ ಲೀಟರಿಗೆ 5-6 ಕಿಲೋಮೀಟರ್ ಬಂದರೆ ಚೆನ್ನಾಗಿದೆ ಅಂತಲೇ ಅರ್ಥ.

ಎಲೆಕ್ಟ್ರಿಕಲ್ಸ್ 6 ವೋಲ್ಟು, ಅದೂ ಪಾಸಿಟಿವ್ ಅರ್ತ್. ಬ್ಯಾಟರಿಯ ಪ್ಲಸ್ ಬಾಡಿಗೆ. ಗೊತ್ತಿಲ್ಲದವರು ತಿರುವುಮುರುವು ಹಾಕಿ, ಡೈನಮೋಗೂ ಬ್ಯಾಟರಿಗೂ ನಡುವಿನ ಕಟೌಟ್ ಸುಡಿಸುತ್ತಾರೆ. ಸೆಲ್ಫ್ ನಿಧಾನಕ್ಕೆ ತಿರುಗುತ್ತದೆ, 12 ವೋಲ್ಟಿಗೆ ಬದಲಿಸೋಣ ಅನ್ನುವವರಿಗೆ ಮೊದಲು ಕೇಬಲ್ ನೋಡಿ ಅನ್ನಬೇಕು. ಅಷ್ಟೇ ಕೆಲಸಕ್ಕೆ 6 ವೋಲ್ಟಿನಲ್ಲಿ ಕರೆಂಟು ಎರಡರಷ್ಟು ಹರಿಯುತ್ತದೆ. ಮಾರುತಿಗೆ ಹಾಕುವ ಸಣ್ಣ ಕೇಬಲ್ ಇದಕ್ಕೆ ಸಾಲದು. ಎಸ್‌ಪಿ ರಸ್ತೆಯಲ್ಲಿ 50 ಅಥವಾ 70 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲ್ ತಂದು, ಲಗ್ ಒತ್ತಿಸಿ, ಅರ್ತ್ ತುದಿಯನ್ನು ನೇರ ಇಂಜಿನ್ನಿಗೇ ಕಟ್ಟಿ. ಮುಕ್ಕಾಲು ಪಾಲು ದೂರು ಅಲ್ಲಿಗೆ ನಿಲ್ಲುತ್ತದೆ. ಡೈನಮೋ ಬಿಚ್ಚಿ ಹಾಕಿದ ಮೇಲೆ, ಇಂಜಿನ್ ಸ್ಟಾರ್ಟ್ ಮಾಡುವ ಮೊದಲು, ರೆಗ್ಯುಲೇಟರಿನ ಬ್ಯಾಟರಿ ಮತ್ತು ಆರ್ಮೇಚರ್ ಟರ್ಮಿನಲ್ಲುಗಳಿಗೆ ಒಂದು ವೈರನ್ನು ಕ್ಷಣಮಾತ್ರ ಮುಟ್ಟಿಸಿ ಪೋಲರೈಸ್ ಮಾಡಬೇಕು, ಅಂದರೆ ಡೈನಮೋದ ಪ್ಲಸ್-ಮೈನಸ್ ದಿಕ್ಕು ಬ್ಯಾಟರಿಗೆ ಹೊಂದಿಸಬೇಕು.

ಬ್ರೇಕಿನಲ್ಲಿ ಮಾತ್ರ ಯಾವ ರಾಜಿಯೂ ಬೇಡ. ನಾಲ್ಕೂ ಡ್ರಮ್, ಎಲ್ಲಕ್ಕೂ ಒಂದೇ ಸರ್ಕ್ಯೂಟು. ಒಂದು ಚಕ್ರದಲ್ಲಿ ಸೋರಿದರೆ ಪೆಡಲ್ ಪೂರ್ತಿ ನೆಲಕ್ಕೆ. ಮುಂದಿನ ಒಂದೊಂದು ಚಕ್ರಕ್ಕೆ ಎರಡೆರಡು ಸಿಲಿಂಡರು, ಒಟ್ಟು ಆರು. ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿಯ ತಗಡಿನ ಕೆಳಗೆ ಅಡಗಿರುವುದರಿಂದ ಫ್ಲೂಯಿಡ್ ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ಡ್ರಮ್ಮಿಗೆ ಒತ್ತುವ ಬ್ರೇಕ್ ಶೂ ಹೊಂದಿಸುವಾಗ ಮೇಲಿನ ಕ್ಯಾಮ್ ಮಾತ್ರ ತಿರುಗಿಸಿದರೆ ಸಾಲದು, ಕೆಳಗಿನ ಎಕ್ಸೆಂಟ್ರಿಕ್ ಆಂಕರ್ ಕೂಡ ಹೊಂದಿಸಬೇಕು. ಇಲ್ಲದಿದ್ದರೆ ಶೂ ಒಂದು ತುದಿಯಲ್ಲಷ್ಟೇ ಹಿಡಿದು ಕಾರು ಒಂದು ಕಡೆಗೆ ಎಳೆಯುತ್ತದೆ. ಹಿಂದಿನ ಡ್ರಮ್ ಟೇಪರ್ ಆಕ್ಸಲ್ ಮೇಲೆ ಕೂತಿರುತ್ತದೆ, ಪುಲ್ಲರ್ ಇಲ್ಲದೆ ಬರುವುದಿಲ್ಲ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಬಿಟ್ಟೇ ಪುಲ್ಲರ್ ಬಿಗಿಯಿರಿ. ಬಿಡುವಾಗ ಡ್ರಮ್ ಫಿರಂಗಿ ಗುಂಡಾಗಿ ಹಾರದಿರಲಿ.

ಹ್ಯಾಂಡ್‌ಬ್ರೇಕು ಚಕ್ರದಲ್ಲಿಲ್ಲ, ಗೇರ್‌ಬಾಕ್ಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ಹಿಂದಿನ ಒಂದು ಚಕ್ರ ಜಾಕಿ ಕೊಟ್ಟು ಎತ್ತಿದರೆ ಡಿಫರೆನ್ಷಿಯಲ್ ಮೂಲಕ ಆ ಹಿಡಿತ ಬಿಟ್ಟುಹೋಗುತ್ತದೆ, ಕಾರು ಉರುಳುತ್ತದೆ. ಕಲ್ಲು ಕೊಡದೆ ಜಾಕಿ ಹಾಕಬೇಡಿ. ಪಂಕ್ಚರ್ ಅಂಗಡಿಯಲ್ಲಿ ಇನ್ನೊಂದು ಅಪಾಯ: ಎಡಗಡೆ ಚಕ್ರಗಳ ಬೋಲ್ಟಿಗೆ ಎಡ ಮರೆ, ಉಲ್ಟಾ ತಿರುಗಿಸಿದರೇ ಬಿಚ್ಚುತ್ತದೆ. ಹುಡುಗರು ಬಿಚ್ಚುತ್ತೇವೆಂದು ಇಮ್ಮಡಿ ಬಿಗಿದು, ಕೊನೆಗೆ ಬೋಲ್ಟ್ ತುಂಡರಿಸುತ್ತಾರೆ. ಡಿಕ್ಕಿಯಲ್ಲಿ ಒಂದು ಚೀಟಿ ಅಂಟಿಸಿಡಿ. ಟೈರು ಮೂಲದಲ್ಲಿ 6.70-15. ಬೊಲೆರೊ ಟೈರು 215/75 ಆರ್15 ಎತ್ತರದಲ್ಲಿ ಹತ್ತಿರ ಬಂದರೂ 4.5 ಇಂಚಿನ ರಿಮ್ಮಿಗೆ ಅಗಲ ಜಾಸ್ತಿ, ಸ್ಟೀರಿಂಗ್ ಕಲ್ಲಾಗುತ್ತದೆ. ಅದಕ್ಕಿಂತ ಕಿರಿದಾದದ್ದು ಹುಡುಕಿ, ಒಳಗೆ ಟ್ಯೂಬ್ ಇರಲಿ.

ಬಾಡಿ ತಗಡು ದಪ್ಪ, ಆದರೆ ಪುಟ್ಟಿ ಅದಕ್ಕಿಂತ ದಪ್ಪವಾಗಿರಬಹುದು. ಚಕ್ರದ ಹಿಂದಿನ ಫೆಂಡರ್ ತಳ, ಬಾಗಿಲ ಕೆಳಗಿನ ಸಿಲ್, ಡಿಕ್ಕಿಯ ನೆಲ, ಈ ಮೂರು ಕಡೆ ಅಯಸ್ಕಾಂತ ಹಿಡಿದು ನೋಡಿ. ಗ್ರಿಲ್ಲು ಡೊಂಕಾಗಿದ್ದರೆ ಟಿಂಕರ್ ಸರಿಮಾಡುತ್ತಾನೆ, ಗುಂಡಿಬಿದ್ದ ಮಜಾಕ್ (ಸತುವಿನ ಮಿಶ್ರಲೋಹ) ಬ್ಯಾಡ್ಜನ್ನು ಯಾರೂ ಸುಲಭಕ್ಕೆ ಸರಿಮಾಡಲಾರರು. 1953ರಿಂದಾಚೆಯ ಕಾರಾದರೆ ಮುಂದಿನ ಗಾಜು ಒಂದೇ ತುಂಡಿನದು, ಬಾಗಿದ್ದು. ಒಡೆದಿದ್ದರೆ ಆ ಕಾರು ಬಿಡಿ.

ಸ್ಪೇರಿಗೆ ಜೆಸಿ ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಗುಜರಿ ಸುತ್ತಿದರೆ ಬೇರಿಂಗು, ಆಯಿಲ್ ಸೀಲು, ಫ್ಯಾನ್ ಬೆಲ್ಟು ಅಳತೆ ಹಿಡಿದು ಹೊಂದಿಸಬಹುದು. ಬ್ರೇಕ್ ಸಿಲಿಂಡರಿಗೆ ಸ್ಲೀವ್ ಹಾಕಿಸಲು ಪೀಣ್ಯದ ಲೇತುಗಳಿವೆ. ಪಿಸ್ಟನ್ನು, ವಾಲ್ವು, ಪ್ಯಾಕಿಂಗ್ ಸೆಟ್ಟು ಅಮೆರಿಕದಿಂದ ಬರಬೇಕು. ಇದೇ ತಳಿಯ ಇಂಜಿನ್ 1959ರವರೆಗೆ ಪ್ಲಿಮತ್ ಕಾರುಗಳಲ್ಲೂ ಅದಕ್ಕೂ ಈಚೆಗೆ ಡಾಜ್ ಪವರ್ ವ್ಯಾಗನ್ನಿನಲ್ಲೂ ಇದ್ದದ್ದರಿಂದ ಅಲ್ಲಿ ಇನ್ನೂ ಸಿಗುತ್ತದೆ. ಆರ್ಡರ್ ಮಾಡುವ ಮೊದಲು ಹೆಡ್ಡಿನ ಉದ್ದ ಟೇಪು ಹಿಡಿದು ಅಳೆಯಿರಿ. ಅಮೆರಿಕದ ಪ್ಲಿಮತ್-ಡಾಜ್ ಬ್ಲಾಕು ಸುಮಾರು 23 ಇಂಚು, ಕೆನಡಾದ್ದು 25. ಒಂದರ ಪ್ಯಾಕಿಂಗ್ ಇನ್ನೊಂದಕ್ಕೆ ಕೂರುವುದಿಲ್ಲ, ಕಸ್ಟಮ್ಸ್ ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ.

ಕಾಗದ. 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ ವಾಹನಕ್ಕೆ 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಇದೆ: ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ಹೊಸದಾದರೆ ನಂಬರಿನಲ್ಲಿ ‘ವಿಎ’ ಬರುತ್ತದೆ, ಈಗಾಗಲೇ ನೋಂದಣಿ ಇದ್ದರೆ ಎಂವೈಯಿಂದ ಶುರುವಾಗುವ ಮೈಸೂರು ರಾಜ್ಯದ ಹಳೇ ನಂಬರೇ ಉಳಿಯುತ್ತದೆ. ಆದರೆ ಈ ನೋಂದಣಿಯಲ್ಲಿ ದಿನಾ ಆಫೀಸಿಗೆ ಓಡಿಸುವಂತಿಲ್ಲ. ರ್‍ಯಾಲಿ, ಪ್ರದರ್ಶನ, ತಾಂತ್ರಿಕ ಸಂಶೋಧನೆ, ಪೆಟ್ರೋಲ್, ರಿಪೇರಿ ಇಷ್ಟಕ್ಕೇ. ಚಾಸಿ, ಬಾಡಿ, ಇಂಜಿನ್ ಮೂಲದ್ದೇ ಇರಬೇಕು. ಟ್ಯಾಕ್ಸಿ ಓಡುವ ಕಾಲದಲ್ಲಿ ಡೀಸೆಲ್ ಇಂಜಿನ್ ಕೂರಿಸಿಕೊಂಡ ಕಾರು ಎಷ್ಟು ಅಗ್ಗವಾದರೂ ಬೇಡ. ಇಂಜಿನ್ ನಂಬರ್ ಬ್ಲಾಕಿನ ಎಡಬದಿಯಲ್ಲಿ, ಮುಂಭಾಗದಲ್ಲಿ, ಹೆಡ್ಡಿಗೆ ತುಸು ಕೆಳಗೆ ಒಂದು ಚಪ್ಪಟೆ ಜಾಗದ ಮೇಲೆ ಒತ್ತಿರುತ್ತದೆ. ಮಸಿ ಒರೆಸಿ ಆರ್‌ಸಿ ಜೊತೆ ತಾಳೆ ನೋಡಿ.

ನೋಡಲು ಹೋಗುವಾಗ ಕಂಪ್ರೆಷನ್ ಗೇಜು, ವ್ಯಾಕ್ಯೂಮ್ ಗೇಜು ಎರಡೂ ಕೈಯಲ್ಲಿರಲಿ. ಆರೂ ಸಿಲಿಂಡರಿನ ಕಂಪ್ರೆಷನ್ 90ರಿಂದ 110 ಪಿಎಸ್‌ಐ ಒಳಗೆ ಬಂದು, ಒಂದಕ್ಕೊಂದು 15ಕ್ಕಿಂತ ಹೆಚ್ಚು ವ್ಯತ್ಯಾಸ ಇರದಿದ್ದರೆ ಇಂಜಿನ್ ಗಟ್ಟಿ. ಪುಸ್ತಕದಲ್ಲಿ ವ್ಯಾಕ್ಯೂಮ್, ಅಂದರೆ ಇಂಜಿನ್ ಗಾಳಿ ಎಳೆಯುವ ಬಲ, 17ರಿಂದ 21 ಇಂಚು (ಪಾದರಸದ ಅಳತೆ) ಅಂತಿರುವುದು ಸಮುದ್ರಮಟ್ಟಕ್ಕೆ. ಪ್ರತಿ ಸಾವಿರ ಅಡಿಗೆ ಒಂದಿಂಚು ಕಳೆಯಬೇಕು, ಅಂದರೆ ಇಲ್ಲಿ 14ರಿಂದ 18 ಬಂದರೆ ಸರಿ. ಮುಳ್ಳು ಒಂದೇ ತಾಳದಲ್ಲಿ ಮತ್ತೆ ಮತ್ತೆ ಕುಸಿಯುತ್ತಿದ್ದರೆ ವಾಲ್ವ್ ಸುಟ್ಟಿದೆ. ಅದು ಐದು ಅಥವಾ ಆರನೆಯದಾದರೆ ಕೊಳವೆಯ ಖರ್ಚನ್ನೂ ಸೇರಿಸಿ ಬೆಲೆ ಇಳಿಸಿ ಕೇಳಿ. ಮಾರುವವರು ಮೊದಲೇ ಇಂಜಿನ್ ಬಿಸಿ ಮಾಡಿ ಇಟ್ಟಿದ್ದರೆ, ಪೂರ್ತಿ ತಣ್ಣಗಾಗುವವರೆಗೆ ಕಾದು, ಮತ್ತೆ ಸೆಲ್ಫ್ ಹೊಡೆಸಿ ನೋಡಿಯೇ ಅಡ್ವಾನ್ಸ್ ಕೊಡಿ.